ಕೇಳದೆ ತೋರಿದ ಕರುಣೆ

ಮಾರ್ಚ್ ೧೨, ಗುರುವಾರ

ನಮ್ಮ ಆಡಿಟ್ ಸಂಸ್ಥೆಯ ಹೊಸ ಪಾಲುದಾರ ಯಾರೆಂದು ಇಂದು ಗೊತ್ತಾಯಿತು. ನಾನಲ್ಲ. ಪಕ್ಕದ ಮೇಜಿನ ಗೆಳೆಯ. ಕೈಕುಲುಕಿದಾಗ ಅವನೇ ಮುಖ ತಗ್ಗಿಸಿದ.

ಹಿರಿಯ ಪಾಲುದಾರರ ಕೋಣೆಗೆ ಹೋಗಿ ಕಾರಣ ಕೇಳಿದೆ.

"ನಿನ್ನ ಕೆಲಸದ ಬಗ್ಗೆ ಎರಡು ಮಾತಿಲ್ಲಮ್ಮ. ಮಗು ಚಿಕ್ಕದು, ಊರೂರು ತಿರುಗೋದು ಕಷ್ಟ ಆಗುತ್ತೆ ಅಂತ ನಾವೇ ಬಿಟ್ವಿ."

"ಸರ್, ಅವನ ಮಗು ನನ್ನ ಮಗೂಗಿಂತ ಚಿಕ್ಕದು."

"ಅವನಿಗೆ ಮನೇಲಿ ಹೆಂಡತಿ ಇದಾಳಲ್ಲ."

"ನನಗೂ ಮನೇಲಿ ಗಂಡ ಇದಾನೆ ಸರ್."

ತಮಾಷೆ ಎಂದುಕೊಂಡು ನಕ್ಕುಬಿಟ್ಟರು. ನನಗೆ ಒಳ್ಳೆಯದನ್ನೇ ಮಾಡಿದ್ದೇವೆ ಎಂದು ಅವರು ನಿಜಕ್ಕೂ ನಂಬಿದ್ದಾರೆ, ಅದೇ ಸಂಕಟ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಅಕ್ಕರೆಯಿಂದ ಬಾಗಿಲು ಹಾಕಿದವರ ಜೊತೆ ಜಗಳವಾಡುವುದು ಹೇಗೆ?

ಮನೆಗೆ ಬಂದು ಅತ್ತೆಗೆ ಹೇಳಿದೆ. ಹೋಗಲಿ ಬಿಡು ಅನ್ನುತ್ತಾರೆ ಎಂದುಕೊಂಡಿದ್ದೆ. ಹೆಗಲ ಮೇಲಿನ ಮಗುವನ್ನು ತಟ್ಟುತ್ತಲೇ ಸಿಡುಕಿದರು: "ಹಗಲೆಲ್ಲ ಇವನನ್ನ ನೋಡ್ಕೊಳ್ಳೋಳು ನಾನು. ಕಷ್ಟ ಅಂತ ಅವರಿಗೆ ನಾನು ಹೇಳಿದ್ನಾ? ನಾಳೆ ಮತ್ತೆ ಹೋಗು. ನಗೋಕೆ ಬಿಡಬೇಡ."

ಹೋಗುತ್ತೇನೆ. ಇಂದು ನಿಂತುಕೊಂಡೇ ಮಾತಾಡಿ ಬಂದೆ. ನಾಳೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂರಬೇಕು. ಕೂತಮೇಲೆ ಮೊದಲ ಮಾತು, ಸರ್, ಮುಂದಿನ ವರ್ಷ ನನ್ನ ಕಷ್ಟ ಏನು ಅನ್ನೋದನ್ನ ನಾನೇ ಹೇಳ್ತೀನಿ, ನೀವು ಊಹಿಸ್ಕೋಬೇಡಿ.