ಗೇಟಿನಲ್ಲಿ ಕೇಳಿದ ಹೆಸರು

ಸ್ಯಾಲಿಸ್‌ಬರಿ, ಅಡಿಲೇಡ್
14 ಆಗಸ್ಟ್ 2025, ಗುರುವಾರ

ಪ್ರೀತಿಯ ನಮ್ಮ ಮನೆಯವರಿಗೆ, ಶಾರದಾಳ ನಮಸ್ಕಾರಗಳು.

ಮೊಣಕಾಲು ಹೇಗಿದೆ? ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರಾ, ಇಲ್ಲ ಬಾಟಲಿ ಕಿಟಕಿಯಲ್ಲೇ ಕೂತಿದೆಯಾ? ಮೈಸೂರಿನಲ್ಲಿ ನಿಮ್ಮಕ್ಕ ಇಂದಿರಮ್ಮನವರು ಬಿಸಿಬಿಸಿ ಮಾಡಿ ಬಡಿಸುತ್ತಿರುವಾಗ ನಿಮಗೇನು ಕಮ್ಮಿ ಬಿಡಿ. ಇಲ್ಲಿ ಎಲ್ಲರೂ ಸೌಖ್ಯ. ಚಳಿಗೆ ಎರಡು ಸ್ವೆಟರ್ ಹಾಕಿಕೊಂಡು, ನಾಡಿದ್ದಿನ ಅಷ್ಟಮಿಗೆ ಚಕ್ಕುಲಿ ಒತ್ತುತ್ತಿದ್ದೇನೆ. ಮಗನ ಮೇಲಿನ ಕೋಪಕ್ಕೆ ನೀವು ಭಾನುವಾರದಿಂದ ಫೋನ್ ಎತ್ತುತ್ತಿಲ್ಲ, ಅದಕ್ಕೇ ಈ ಕಾಗದ. ಶಶಾಂಕ ಇದರ ಫೋಟೊ ತೆಗೆದು ಕಳಿಸುತ್ತಾನೆ. ಕಾಗದವಾದರೆ ನೀವು ಮಧ್ಯೆ ಬಾಯಿ ಹಾಕುವಂತಿಲ್ಲ ನೋಡಿ!

ನಿಮ್ಮ ಕೋಪ ನನಗೆ ಅರ್ಥವಾಗದೆ ಇಲ್ಲ. ನಮ್ಮಲ್ಲಿ ಸರ್‌ನೇಮ್ ಅನ್ನುವುದೇ ಇಲ್ಲ. ಶಶಾಂಕ ವೀಸಾಕ್ಕೆ ಅರ್ಜಿ ಹಾಕುವಾಗ ಆ ಜಾಗದಲ್ಲಿ ಅಪ್ಪನ ಹೆಸರು ತುಂಬಿದ. ಅದೇ ಈಗ ಮೊಮ್ಮಗಳು ಪೂರ್ವಿಗೂ ಬಂದಿದೆ. "ಮಗೂಗೆ ಅದರಪ್ಪನ ಹೆಸರಿರಬೇಕು, ನಂದ್ಯಾಕೆ? ತೆಗೆಸು!" ಎಂದು ನೀವು ಗುಡುಗಿದ್ದೇ ತಡ, ಅವನು ಬರುವ ಸೋಮವಾರ ಅವಳ ಹೆಸರು ಬದಲಾಯಿಸಲು ಹೊರಟಿದ್ದಾನೆ. ನಿಜ ಹೇಳಲೇ? ನನಗೂ ಒಳಗೊಳಗೇ ಖುಷಿಯಾಗಿತ್ತು. ಮೊನ್ನೆ ಪೂರ್ವಿಯನ್ನು ಕರೆತರಲು ಚೈಲ್ಡ್‌ಕೇರಿಗೆ ಹೋದರೆ ಗೇಟಿನಲ್ಲಿ ಹೊಸ ಹುಡುಗಿ. ಮಗುವಿನ ಪೂರ್ತಿ ಹೆಸರು ಹೇಳದೆ ಕಳಿಸುವುದಿಲ್ಲ ಎಂದಳು. ಗಂಡನ ಹೆಸರೆತ್ತಿದರೆ ಅವರ ಆಯಸ್ಸು ಕಮ್ಮಿಯಾಗುತ್ತದೆ ಎಂದು ನಮ್ಮಮ್ಮ ಹೇಳಿದ್ದು ತಲೆಯಲ್ಲಿ ಕೂತುಬಿಟ್ಟಿದೆಯಲ್ಲ! ಹಬ್ಬವನ್ನೂ ಬರೀ ಅಷ್ಟಮಿ ಎನ್ನುವವಳು ನಾನು. ನನ್ನ ಹರಕು ಇಂಗ್ಲಿಷಿನಲ್ಲಿ, ಬೆಣ್ಣೆ ಕದ್ದ ದೇವರ ಹೆಸರು ಎಂದೆ. ಕಳ್ಳತನದ ಮಾತು ಕಿವಿಗೆ ಬಿದ್ದದ್ದೇ, ಆ ಹುಡುಗಿ ಗೇಟನ್ನು ಇನ್ನೂ ಭದ್ರ ಮಾಡಿದಳು. ಒಳಗಿನಿಂದ ಪೂರ್ವಿ, "ಅಜ್ಜಿ, ಜಸ್ಟ್ ಸೇ ಇಟ್!" ಎಂದು ಕಿರುಚುತ್ತಾಳೆ. ಕೊನೆಗೆ, ಮರಿಮಗನನ್ನು ಕರೆದೊಯ್ಯಲು ಬಂದ ಪಕ್ಕದ ಮನೆಯ ಪೀಟರ್ಸನ್ ಅಜ್ಜಿ ಸಾಕ್ಷಿ ಹೇಳಿ ನನ್ನನ್ನು ಬಿಡಿಸಿದರು.

ಅವರು ಡಚ್ಚರು, ಚಿಕ್ಕವರಿದ್ದಾಗ ಹಾಲೆಂಡಿನಿಂದ ಬಂದವರು. ದಾರಿಯಲ್ಲಿ ನನ್ನ ಪಾಡು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರಲ್ಲೂ ಬಹಳ ಜನರಿಗೆ ಹಿಂದೆ ನಮ್ಮ ಹಾಗೇ ಅಂತೆ. ಯಾನ್ ಎಂಬವನ ಮಗ ಪೀಟರ್ ಯಾನ್ಸನ್, ಆ ಪೀಟರನ ಮಗ ಕ್ಲಾಸ್ ಪೀಟರ್ಸನ್, ಹೀಗೆ ತಲೆಮಾರಿಗೊಂದು ಹೆಸರು. ಇನ್ನೂರು ವರ್ಷಗಳ ಹಿಂದೆ ಸರ್ಕಾರ, ಎಲ್ಲರೂ ಒಂದು ಹೆಸರು ಬರೆಸಿ, ಇನ್ನು ಬದಲಾಯಿಸುವ ಹಾಗಿಲ್ಲ ಎಂದಿತಂತೆ. ಸಮುದ್ರದ ನೀರು ತಡೆಯುವ ಒಡ್ಡಿನ ಪಕ್ಕದವರು ವಾನ್ ಡೈಕ್, ಹಿಟ್ಟಿನ ಗಿರಣಿಯವರು ಮುಲ್ಡರ್, ಮೀನು ಹಿಡಿಯುವವರು ವಿಸ್ಸರ್. ಇವರ ಗಂಡನ ಮನೆಯಲ್ಲಿ ಮಾತ್ರ ಪೀಟರನ ಹೆಸರೇ ನಿಂತುಬಿಟ್ಟಿತು. ಆ ಪೀಟರ್ ಕಪ್ಪಗಿದ್ದನೋ ಕೆಂಪಗಿದ್ದನೋ ಯಾರಿಗೂ ಗೊತ್ತಿಲ್ಲ, ಆದರೂ ನನ್ನ ಮರಿಮಗನನ್ನು ಗೇಟಿನಲ್ಲಿ ದಿನಾ ಅವನ ಹೆಸರಿಂದಲೇ ಕೂಗುತ್ತಾರೆ ಎಂದರು.

ರೀ, ಮುಂದೊಂದು ದಿನ ನೀವು ನೋಡದ ಮಕ್ಕಳು ನಿಮ್ಮ ಹೆಸರು ಹೊತ್ತುಕೊಂಡು ಇಲ್ಲಿ ಬಸ್ಸಿಗೆ ಓಡುತ್ತಾರೆ. ಬೇಡ ಅನ್ನಬೇಡಿ. ನಾವಿಬ್ಬರೂ ಇಲ್ಲದಾಗಲೂ ಆ ಹೆಸರು ಈ ಬೀದಿಯಲ್ಲಿರಲಿ ಎಂದು ನನಗೆ ಆಸೆ. ತೆಗೆಸಬೇಡ ಎಂದು ಮಗನಿಗೆ ನೀವೇ ಹೇಳಿ.

ಇಂದಿರಮ್ಮನವರಿಗೆ ನಮಸ್ಕಾರ ತಿಳಿಸಿ. ಹಬ್ಬದ ದಿನ ಅವಲಕ್ಕಿ ಹಿತವಾಗಿ ತಿನ್ನಿ, ಕಾಲು ಜೋಪಾನ.

ನಿಮ್ಮ,
ಶಾರದಾ

ಮರೆತೆ, ಶಶಾಂಕ ಫೋಟೊ ತೆಗೆಯಲು ನಿಂತೇ ಇದ್ದಾನೆ. ಇವತ್ತು ಆ ಹುಡುಗಿ ಗೇಟಿನಲ್ಲಿ ಮತ್ತೆ ಕೇಳಿದಳು. "ಪೂರ್ವಿ ಗೋಪಾಲಕೃಷ್ಣ" ಎಂದುಬಿಟ್ಟೆ, ಬೀದಿಗೆಲ್ಲ ಕೇಳುವ ಹಾಗೆ! ಪೂರ್ವಿ ಚಪ್ಪಾಳೆ ತಟ್ಟಿದಳು. ಆಮೇಲೆ ಅಮ್ಮನ ಮಾತು ನೆನಪಾಗಿ, ನಿಮ್ಮ ದನಿ ಕೇಳುವವರೆಗೆ ನನಗೆ ಸಮಾಧಾನವಿಲ್ಲ. ನಿಮ್ಮ ಕೋಪ ಆಮೇಲೆ ಮುಂದುವರಿಸಿ. ಈಗ ಫೋನ್ ಎತ್ತಿ ನನ್ನನ್ನು ಒಂದು ಸಲ ಗದರಿಬಿಡಿ.