ಒಂದನೇ ನಂಬರು ಯಾರದ್ದು

ಕೆಳಗಿನ ಕೋಣೆಯಿಂದ
ಮಾರ್ಚ್ ೯, ಭಾನುವಾರ

ಪ್ರೀತಿಯ ಪುಟ್ಟೀ,

ಹೇಗಿದ್ದೀಯಮ್ಮಾ? ಸೊಂಟದ ನೋವು ಇಳಿಯಿತೇ? ದಿನವಿಡೀ ನಿಂತು ಪಾಠ ಮಾಡುವವಳು ನೀನು. ನಡುನಡುವೆ ಕೂತುಕೋ ಎಂದರೆ ಕೇಳುವವಳಲ್ಲ, ಆದರೂ ಅಣ್ಣ ಅನ್ನಿಸಿಕೊಂಡ ಮೇಲೆ ಹೇಳಲೇಬೇಕಲ್ಲ. ಇಲ್ಲಿ ಅಮ್ಮ ಹಾಲು ಕುಡಿಯುತ್ತಾಳೆ, ಕಿಟಕಿಯ ಪಕ್ಕ ಕೂತು ಬೀದಿ ನೋಡುತ್ತಾಳೆ. ಗಂಟಲಿನ ಆಪರೇಷನ್ನಿನಲ್ಲಿ ಹೋದ ದನಿ ಇನ್ನು ಬರುವುದಿಲ್ಲವೆಂದು ಅವಳೂ ಒಪ್ಪಿಕೊಂಡ ಹಾಗಿದೆ. ಹೇಳಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆಯುತ್ತಾಳೆ. ಬೈಗುಳವನ್ನೂ ಬರೆಯುತ್ತಾಳೆ. ಅದಕ್ಕೆ ಮಾತ್ರ ದೊಡ್ಡ ದೊಡ್ಡ ಅಕ್ಷರ.

ಫೋನು ಮಾಡಿದರೆ ಅಮ್ಮನ ಉಸಿರಷ್ಟೇ ಕೇಳುತ್ತದೆ, ತಡೆಯಲಾಗುವುದಿಲ್ಲ, ಅವಳ ಕಥೆಗಳ ರೆಕಾರ್ಡು ಕಳಿಸು ಎಂದು ಬರೆದಿದ್ದೆಯಲ್ಲ. ಅವನ್ನು ತುಂಬಿಸಿಟ್ಟಿದ್ದು ನಿನ್ನ ಚಿಕ್ಕಣ್ಣ, ನಮ್ಮ ಮರಿ. ಅವು ಇದ್ದದ್ದು ಮಹಡಿಯ ಮೇಲೆ ಅವನ ಹಳೆಯ ಕಂಪ್ಯೂಟರಿನಲ್ಲಿ ಮಾತ್ರ. ಅದೋ, ಒಳಗಿನಿಂದ ಕಟಕಟ ಹಲ್ಲು ಕಡಿಯುತ್ತಿತ್ತು. ಪೆನ್‌ಡ್ರೈವ್ ಹಾಕುವ ಜಾಗ ಎಂದೋ ಮುರಿದುಹೋಗಿದೆ. ರಿಪೇರಿಯವನು ಬಂದು ಕಿವಿಗೊಟ್ಟು ಕೇಳಿ, "ಇದನ್ನ ಆರಿಸಬೇಡಿ. ಆರಿಸಿದ್ರೆ ಮತ್ತೆ ಏಳುತ್ತೆ ಅಂತ ನಾನು ಹೇಳಲ್ಲ" ಅಂದ. ಎರಡು ಕಂಪ್ಯೂಟರಿಗೂ ನೇರವಾಗಿ ವೈರು ಹಾಕಿ ಇರುವುದನ್ನೆಲ್ಲ ನನ್ನದಕ್ಕೆ ಇಳಿಸಿಕೊಳ್ಳಬೇಕಂತೆ. ಮನೆಗೆ ಬಾಗಿಲ ನಂಬರಿದ್ದ ಹಾಗೆ ಒಂದಕ್ಕೆ ಒಂದು, ಇನ್ನೊಂದಕ್ಕೆ ಎರಡು ಎಂದು ನಂಬರು ಕೊಡಬೇಕಂತೆ. ಹೇಗೆಂದು ತೋರಿಸಿಕೊಟ್ಟು ಹೋದ.

ಮರಿಗೂ ನನಗೂ ಎಷ್ಟು ಮಾತುಕತೆ ಎಂದು ನಿನಗೆ ಗೊತ್ತೇ ಇದೆ. ಆಪರೇಷನ್ ಬೇಡ ಎಂದವನು ಅವನು, ಸಹಿ ಹಾಕಿದವನು ನಾನು. ಅಂದಿನಿಂದ ಅವನು ಮೇಲೆ, ನಾನು ಕೆಳಗೆ. ಅಮ್ಮನ ಮಾತ್ರೆ ಕೊಡುವುದಕ್ಕಷ್ಟೇ ಅವನು ಮೆಟ್ಟಿಲಿಳಿಯುವುದು. ವೈರನ್ನೂ ಬಾಲ್ಕನಿಯಿಂದ ಬಾವಿಗೆ ಹಗ್ಗ ಬಿಟ್ಟಂತೆ ಬಿಟ್ಟ, ನಾನು ಕಿಟಕಿಯಲ್ಲಿ ಎಳೆದುಕೊಂಡೆ.

ಸಿಕ್ಕಿಸಿದ್ದಾಯಿತು, ದೀಪ ಮಿಣುಕಿದ್ದಾಯಿತು, ಆದರೆ ಕಂಪ್ಯೂಟರುಗಳು ಒಂದರ ಮುಖ ಒಂದು ನೋಡಲೊಲ್ಲವು. ಒಡೆಯರ ಬುದ್ಧಿ. ರಿಪೇರಿಯವನಿಗೆ ಫೋನು ಹಚ್ಚಿದರೆ, ಯಾರು ಯಾವ ನಂಬರು ಕೊಟ್ಟಿರಿ ಎಂದು ಕೇಳಿದ. ನಾನು ಒಂದು ಕೊಟ್ಟಿದ್ದೆ, ಹಿರಿಯನಲ್ಲವೇ. ಮರಿಯೂ ಒಂದೇ ಕೊಟ್ಟಿದ್ದ. "ಕಥೆ ಇರೋದು ನನ್ನ ಹತ್ರ, ನಾನ್ಯಾಕೆ ಎರಡಾಗ್ಲಿ" ಎಂದು ಮೇಲಿನಿಂದಲೇ ಗೊಣಗಿದ. "ಎರಡು ಮನೆಗೆ ಒಂದೇ ನಂಬರು ಬರೆದ್ರೆ ಪೋಸ್ಟ್‌ಮ್ಯಾನ್ ಏನ್ಮಾಡ್ಬೇಕು ಸ್ವಾಮಿ" ಎಂದು ರಿಪೇರಿಯವನು ಫೋನಿಟ್ಟ.

ಮೇಲೆ ಕಟಕಟ ಜೋರಾಗುತ್ತಿತ್ತು. ಒಂದು ಅಂಕಿಯ ಜಂಭಕ್ಕೆ ಅಮ್ಮನ ದನಿಯನ್ನು ಎರಡನೇ ಸಲ ಕಳೆದುಕೊಳ್ಳುವುದೇ ಎನ್ನಿಸಿ ನನ್ನದನ್ನು ಎರಡು ಮಾಡಿದೆ. ಆಗಲೂ ಇಲ್ಲ. ಅಷ್ಟರಲ್ಲಿ ಮರಿ ಮೆಟ್ಟಿಲ ನಡುವೆ ನಿಂತು, "ಅಣ್ಣಾ, ನಾನೂ ಎರಡೇ ಮಾಡ್ದೆ ಕಣೋ" ಅಂದ. ಆಪರೇಷನ್ ಆದ ಮೇಲೆ ಅವನು ನನ್ನನ್ನು ಅಣ್ಣಾ ಎಂದದ್ದು ಅದೇ ಮೊದಲು.

ಕಿಟಕಿಯ ಪಕ್ಕ ಕೂತಿದ್ದ ಅಮ್ಮನ ಭುಜ ಅಲುಗುತ್ತಿತ್ತು. ಅಳುತ್ತಿದ್ದಾಳೆ ಎಂದು ಹೆದರಿದೆ. ನಗುತ್ತಿದ್ದಳು. ಮರಿಯ ಕಡೆ ಒಂದು ಬೆರಳು ತೋರಿಸಿದಳು, ನನ್ನ ಕಡೆ ಎರಡು. ತೀರ್ಪಾಯಿತು. ಕಥೆಗಳು ಒಂದೊಂದಾಗಿ ಇಳಿದುಬಂದವು. ಕೊನೆಯದು ಬಂದು ಸೇರಿದ ಸ್ವಲ್ಪ ಹೊತ್ತಿಗೆ ಮೇಲಿನ ಕಟಕಟ ನಿಂತುಹೋಯಿತು. ಮರಿ ನೋಡಲು ಹತ್ತಲಿಲ್ಲ, ನನ್ನ ಪಕ್ಕ ನೆಲದ ಮೇಲೆ ಕೂತ.

ಒಂದು ಕಥೆ ಹಾಕಿದೆವು. ನೆರಳು ಕಳೆದುಕೊಂಡು ಊರೂರು ಹುಡುಕುವ ಮುದುಕಿಯ ಕಥೆ, ಕಳೆದ ಸಲ ನೀನು ಬಂದಾಗ ಹೇಳಿದ್ದು. ನಡುವೆ ಅಮ್ಮನ ದನಿ, "ಹೂಂ ಅನ್ರೋ, ಇಲ್ಲಾಂದ್ರೆ ಇಲ್ಲಿಗೇ ನಿಲ್ಸ್ತೀನಿ." ತಲೆ ನರೆತ ಇಬ್ಬರೂ ಒಟ್ಟಿಗೆ ಹೂಂ ಅಂದೆವು. ರೆಕಾರ್ಡಿನೊಳಗಿಂದ ನಿನ್ನ ಹೂಂ ಕೂಡ ಬಂತು. ಅಮ್ಮ ತಿರುಗಿ ಬಾಗಿಲ ಕಡೆ ನೋಡಿದಳು.

ಮರಿ ಇಲ್ಲೇ ಕೆಳಗೆ ಊಟ ಮಾಡಿದ. ನಿನ್ನನ್ನು ಕೇಳಿದನೆಂದು ಬರೆಯಲು ಹೇಳಿದ್ದಾನೆ. ಅಮ್ಮ ನಿನ್ನ ತಲೆ ಸವರಿದ್ದಾಳೆಂದು ತಿಳಿದುಕೋ. ಹುಷಾರಾಗಿರು.

ನಿನ್ನ
ದೊಡ್ಡಣ್ಣ

ಮರೆತಿದ್ದೆ: ಲಕೋಟೆ ಕೊಡವಿ ಕಥೆ ತುಂಬಿಸಿದ ಪೆನ್‌ಡ್ರೈವ್ ಹುಡುಕಬೇಡ, ಅದರಲ್ಲಿಲ್ಲ. ಮರೆತದ್ದಲ್ಲ ಪುಟ್ಟೀ, ಬರೆಯಲು ಕೈ ಬರಲಿಲ್ಲ. ಅಮ್ಮನ ಗಂಟಲಲ್ಲಿ ಗಡ್ಡೆ ಮತ್ತೆ ಎದ್ದಿದೆ. ಈ ಸಲ ಆಪರೇಷನ್ ಮಾಡುವ ಹಾಗಿಲ್ಲ ಎಂದರು ಡಾಕ್ಟರು. ರಜೆ ಬರಲಿ ಎಂದು ಕಾಯಬೇಡ, ಹೊರಟು ಬಾ. ಪೆನ್‌ಡ್ರೈವನ್ನು ನಾನು ಲಕೋಟೆಗೆ ಹಾಕಿದ್ದೆ, ಅಮ್ಮ ತೆಗೆದು ತನ್ನ ಕನ್ನಡಕದ ಡಬ್ಬಿಯಲ್ಲಿಟ್ಟುಕೊಂಡಳು. ಆಮೇಲೆ ಸ್ಲೇಟಿನಲ್ಲಿ, "ಅಲ್ಲಿ ಒಬ್ಬಳೇ ಹೂಂ ಅಂದ್ರೆ ನಂಗೆ ಹೇಗೆ ಕೇಳುತ್ತೆ? ಇಲ್ಲಿ ಬಂದು ಅನ್ನಲಿ" ಎಂದು ಬರೆದಳು. ಅಕ್ಷರ ತೀರಾ ಸಣ್ಣದಿತ್ತು.