ನಲ್ಲಿ ಬಿಚ್ಚಿ ಸಾಗಿಸತಕ್ಕದ್ದು

ಮಾರ್ಚ್ 17, ಸೋಮವಾರ

ಬೆಳಗ್ಗೆಯಿಂದ ಐವತ್ತು ಮುಚ್ಚಳ ತಿರುಗಿಸಿ ನೋಡಿದೆ. ಮಣಿಕಟ್ಟು ಹಿಡಿದುಕೊಂಡಿದೆ. ಎರಡು ಸಡಿಲ. ವಾಪಸ್ ಕಳಿಸಿದೆ.

ಹನ್ನೊಂದು ವರ್ಷದಿಂದ ಇದೇ. ಆಸ್ಪತ್ರೆ, ಹೋಟೆಲುಗಳ ಟಾಯ್ಲೆಟ್ ತೊಳೆಯುವ ಆಸಿಡ್ ಅನ್ನು ಅವರು ಕ್ಯಾನಿಗೆ ತುಂಬುತ್ತಾರೆ, ಸೋರುತ್ತದಾ ಅಂತ ನಾನು ನೋಡುತ್ತೇನೆ. ಬಾಗಿಲ ಮೇಲೆ ‘ಕ್ವಾಲಿಟಿ ಇನ್‌ಚಾರ್ಜ್’ ಅಂತ ಬೋರ್ಡು. ಕೈಕೆಳಗೆ ಒಬ್ಬರೂ ಇಲ್ಲ.

ಮಧ್ಯಾಹ್ನ ಓನರ್ ಮಧ್ವೇಶ್ ಹೊಸ ಕ್ಯಾನ್ ಹಿಡಿದು ಬಂದ. ಇಪ್ಪತ್ತು ಲೀಟರಿನದು. ಕೆಳಗೆ ನಲ್ಲಿ ಕೂರಿಸಿದೆ.

“ಅಕ್ಕ, ಇನ್ಮೇಲೆ ಹಿಂಗೇ. ನಲ್ಲಿ ಹಾಕೇ ಕಳಿಸೋಣ. ಕಸ್ಟಮರ್ ತಿರುಗಿಸಿದ್ರೆ ಸಾಕು.”

“ನಲ್ಲಿ ಬಳಸೋಕೆ ಸಾರ್, ಸಾಗಿಸೋಕಲ್ಲ. ಗಾಡಿಲಿ ಹೋಗುವಾಗ ಅಲ್ಲಿ ಗಟ್ಟಿ ಬಿರಡೆ ಇರಬೇಕು. ನಲ್ಲಿ ಬೇರೆ ಪ್ಯಾಕೆಟ್ಟಲ್ಲಿ. ಇಷ್ಟು ವರ್ಷ ಹಂಗೇ ತಾನೆ ಮಾಡಿರೋದು?”

“ಇಷ್ಟು ವರ್ಷ ಕಸ್ಟಮರ್‌ಗಳು ಬೈದಿರೋದೂ ಹಂಗೇ. ಪ್ಯಾಕೆಟ್ ಕಳೀತಾರೆ, ನಮಗೆ ಫೋನ್ ಮಾಡ್ತಾರೆ.”

ಅವನಿಗೆ ಮೂವತ್ತನಾಲ್ಕು. ಅವನ ತಂದೆಯ ಕಾಲದಿಂದ ಇದ್ದೇನೆ ನಾನು. ಅಕ್ಕ ಅಂದರೆ ಕೆಲಸ ಆಗಬೇಕು ಅಂತ ಅರ್ಥ. ಮೇಡಂ ಅಂದರೆ ಸಿಟ್ಟು ಬಂದಿದೆ ಅಂತ.

ಪರೀಕ್ಷೆ ಮಾಡದೆ ಒಂದು ಕ್ಯಾನೂ ಗೇಟು ದಾಟುವುದಿಲ್ಲ ಅಂದೆ. “ಮಾಡಿ ಮೇಡಂ” ಅಂದ.

ಮಾರ್ಚ್ 20, ಗುರುವಾರ

ಮಾಡಿದೆ.

ಆರು ಕ್ಯಾನಿಗೆ ನೀರು ತುಂಬಿಸಿ, ನಲ್ಲಿ ಕೆಳಮುಖ ಮಾಡಿ, ಒಂದು ಮೀಟರ್ ಇಪ್ಪತ್ತು ಸೆಂಟಿಮೀಟರ್ ಎತ್ತರದಿಂದ ಬೀಳಿಸಿದೆ. ನಾಲ್ಕು ಒಡೆದವು. ಕ್ಯಾನ್ ಒಡೆಯಲಿಲ್ಲ, ನಲ್ಲಿಯ ಕತ್ತು ಒಡೆಯಿತು. ಐದನೆಯದರಲ್ಲಿ ನಲ್ಲಿ ತಾನೇ ತಿರುಗಿಕೊಂಡು ಧಾರೆ ಬಿಟ್ಟಿತು. ಉಳಿದದ್ದು ಒಂದು.

ನಿಜವಾದ ಮಾಲು ತುಂಬಿದ ಎರಡು ಕ್ಯಾನನ್ನು ಅಂಗಳದ ಬಿಸಿಲಿಗೆ ಇಟ್ಟೆ. ಮೂರು ಗಂಟೆಯ ಹೊತ್ತಿಗೆ ಹೊಟ್ಟೆ ಉಬ್ಬಿತ್ತು. ಆಸಿಡ್ ಬಿಸಿಯಾದರೆ ಆವಿ ಬಿಡುತ್ತದೆ, ಒಳಗೆ ಒತ್ತಡ ಕೂರುತ್ತದೆ. ಬಿಟ್ಟುಕೊಳ್ಳುವುದಕ್ಕೆ ಇಡೀ ಕ್ಯಾನಿನಲ್ಲಿ ದುರ್ಬಲ ಜಾಗ ಒಂದೇ. ಆ ನಲ್ಲಿ.

ಟೆಸ್ಟ್ ಶೀಟಿನ ಮೇಲೆ ದಪ್ಪಕ್ಷರದಲ್ಲಿ ಬರೆದೆ: ಫೇಲ್. ನಲ್ಲಿ ಬಿಚ್ಚಿ ಸಾಗಿಸತಕ್ಕದ್ದು.

ಮಧ್ವೇಶ್ ಓದಿದ. “ಯಾರಾದ್ರೂ ಕ್ಯಾನ್ ಎತ್ತಿ ನೆಲಕ್ಕೆ ಹಾಕ್ತಾರಾ?”

“ನಾಗರಬಾವಿ ಹಂಪ್‌ಗಳ ಮೇಲೆ ಗೂಡ್ಸ್ ಆಟೊದಲ್ಲಿ ಕೂತು ನೋಡಿದೀರಾ ಸಾರ್?”

ನಗಲಿಲ್ಲ. ಶೀಟು ವಾಪಸ್ ಕೊಟ್ಟು ಹೋದ. ಒಂದು ಜೆರಾಕ್ಸ್ ತೆಗೆದು ಬ್ಯಾಗಿನಲ್ಲಿ ಇಟ್ಟುಕೊಂಡೆ. ಯಾಕೋ.

ಮಾರ್ಚ್ 26, ಬುಧವಾರ

ಹೊಸ ಲೇಬಲ್ ಬಂದಿದೆ. ನಗುತ್ತಿರುವ ಹೆಂಗಸು, ಹೊಳೆಯುವ ನೆಲ. ಅಪಾಯದ ಗುರುತು ಎಲ್ಲಿ ಅಂತ ಕೇಳಿದೆ. ಚೌಕದೊಳಗೆ ಕೈಯ ಮೇಲೆ ಹನಿ ಬೀಳುವ ಆ ಚಿತ್ರ. “ಕಸ್ಟಮರ್ ಹೆದರ್ತಾರೆ ಅಕ್ಕ. ಮುಂದಿನ ಪ್ರಿಂಟಲ್ಲಿ ಹಾಕ್ಸೋಣ.”

ಹೆದರಲಿ ಅಂತಲೇ ಅಲ್ಲವಾ ಗುರುತು ಇರುವುದು! ಸಿಟ್ಟಿಗೆ ಮಧ್ಯಾಹ್ನ ಊಟದ ಡಬ್ಬಿ ತೆಗೆಯಲೂ ಇಲ್ಲ.

ಮಾರ್ಚ್ 29, ಶನಿವಾರ

ನಾಳೆ ಯುಗಾದಿ. ಮಾರೇನಹಳ್ಳಿಯಲ್ಲಿ ಇಳಿದು ಬೇವು, ಮಾವಿನ ಸೊಪ್ಪು ತಂದೆ. ಮಗಳು ಸ್ಮೃತಿ ಪರೀಕ್ಷೆ ಮುಗಿದ ಮೇಲೆ ಮಲಗಿದ್ದೇ ಮಲಗಿದ್ದು. ನನಗೆ ತಲೆನೋವು. ಇವತ್ತು ಇಷ್ಟೇ.

ಏಪ್ರಿಲ್ 3, ಗುರುವಾರ. ಸಂಜೆ 7

ಅಕ್ಷರ ನೆಟ್ಟಗೆ ಬರುತ್ತಿಲ್ಲ.

ಮೂರೂವರೆಗೆ ಫೋನು. ವೆಂಕಟೇಶ್ ಅವರ ನಂಬರು. ನಮ್ಮ ಮಾಲು ಸಾಗಿಸುವ ಗೂಡ್ಸ್ ಆಟೊದವರು, ಶ್ರೀಗಂಧದ ಕಾವಲಿನವರು. ಮಾತಾಡಿದ್ದು ಅವರ ಹೆಂಡತಿ ದಿವ್ಯ.

“ಮೇಡಂ, ಅದೇನದು ಕ್ಯಾನಲ್ಲಿರೋದು? ಡಾಕ್ಟ್ರು ಕೇಳ್ತಾ ಇದಾರೆ. ಬೇಗ ಹೇಳಿ. ಆಫೀಸಿಗೆ ಎಷ್ಟು ಸಲ ಮಾಡಿದ್ರೂ ಎತ್ತಲ್ಲ!”

ಹೇಳಿದೆ. ಯಾವ ಆಸಿಡ್, ಎಷ್ಟು ಗಾಢ. ಎರಡು ಸಲ ಹೇಳಿದೆ. ಡಾಕ್ಟರಿಗೇ ಕೊಡಿ ಅಂದು ಅವರಿಗೂ ಹೇಳಿದೆ. ಆಟೊ ಹಿಡಿದು ಕಣ್ಣಾಸ್ಪತ್ರೆಗೆ ಓಡಿದೆ.

ಆದದ್ದು ಹೀಗೆ. ನಲವತ್ತು ಕ್ಯಾನ್, ಕೆಂಗೇರಿಯ ಆಸ್ಪತ್ರೆಗೆ. ನಾಗರಬಾವಿ ರಿಂಗ್ ರೋಡಿನ ಎರಡನೇ ಹಂಪ್ ದಾಟುತ್ತಲೇ ಘಾಟು ಬಂದಿದೆ. ಗಾಡಿ ಬದಿಗೆ ಹಾಕಿ ಟಾರ್ಪಲ್ ಎತ್ತಿದ್ದಾರೆ. ಒಂದು ನಲ್ಲಿ ತೊಟ್ಟಿಕ್ಕುತ್ತಿತ್ತು. ಬಗ್ಗಿ ತಿರುಗಿಸಿ ಬಿಗಿ ಮಾಡಲು ಹೋಗಿದ್ದಾರೆ. ಕತ್ತು ಮುರಿದು ನಲ್ಲಿ ಕೈಗೇ ಬಂತು. ಬಿಸಿಲಲ್ಲಿ ಉಬ್ಬಿದ್ದ ಕ್ಯಾನು. ಧಾರೆ ನೇರ ಮುಖಕ್ಕೆ.

ಎದುರಿಗೆ ಎಳನೀರು ಮಾರುವ ನೀಲಮ್ಮ ಅನ್ನುವವರು ಓಡಿ ಬಂದರಂತೆ. ಯಾರೋ ಮೊಸರು ಹಚ್ಚಿ ಅಂದರು, ಯಾರೋ ಪೇಸ್ಟ್ ಅಂದರು. ಆಕೆ ಎಲ್ಲರನ್ನೂ ಬೈದು ಓಡಿಸಿ, ತನ್ನ ಡ್ರಮ್ಮಿನ ನೀರು ಖಾಲಿಯಾಗುವ ತನಕ ಸುರಿದು, ಪಕ್ಕದ ಗ್ಯಾರೇಜಿನಿಂದ ಪೈಪ್ ಎಳೆಸಿ ಮತ್ತೆ ಸುರಿದರಂತೆ. ಬಲಗಣ್ಣು ಉಳಿದರೆ ಅದರಿಂದಲೇ ಅಂದರು ಡಾಕ್ಟರು. ಎಡಗಣ್ಣಿನ ಬಗ್ಗೆ ಏನೂ ಹೇಳಲಿಲ್ಲ.

ರಸ್ತೆಯಲ್ಲಿ ಎಳನೀರು ಮಾರುವವರಿಗೆ ಗೊತ್ತಿರುವಷ್ಟು ಸುರಕ್ಷತೆ ನಮ್ಮ ಫ್ಯಾಕ್ಟರಿಗೆ ಗೊತ್ತಿಲ್ಲ. ಗಾಡಿಯಲ್ಲಿ ಮುನ್ನೆಚ್ಚರಿಕೆಯ ಒಂದು ಚೀಟಿ ಇಲ್ಲ. ಕ್ಯಾನಿನ ಮೇಲೆ ಆಸಿಡ್ ಅನ್ನುವ ಅಕ್ಷರ ಇಲ್ಲ. ನಗುವ ಹೆಂಗಸು ಮಾತ್ರ ಇದ್ದಾಳೆ.

ಏಪ್ರಿಲ್ 4, ಶುಕ್ರವಾರ. ಬೆಳಗ್ಗೆ 5.30

ಬರೆದುಬಿಡುತ್ತೇನೆ.

29ನೇ ತಾರೀಕು ತಲೆನೋವು ಇರಲಿಲ್ಲ. ಅಂದು ಡಿಸ್ಪ್ಯಾಚ್ ಸ್ಲಿಪ್ಪಿಗೆ ಸಹಿ ಹಾಕಿದೆ. ಅದೇ ನಲವತ್ತು ಕ್ಯಾನಿಗೆ.

ಮಧ್ವೇಶ್ ಹೆದರಿಸಲಿಲ್ಲ. ಕೆಲಸ ತೆಗೆಯುತ್ತೇನೆ ಅನ್ನಲಿಲ್ಲ. ಐದು ಗಂಟೆಗೆ ಮೂರನೇ ಸಲ ಬಂದು ನಿಂತ. “ಈ ಲಾಟ್ ಒಂದು ಅಕ್ಕ. ಟೇಪ್ ಸುತ್ತಿಸ್ತೀನಿ. ಮುಂದಿನ ಸಲದಿಂದ ನೀವು ಹೇಳಿದ ಹಂಗೇ.” ಹಬ್ಬದ ಹಿಂದಿನ ದಿನ. ಬಸ್ಸು ತಪ್ಪುತ್ತದೆ. ವಾದ ಮಾಡಿ ಮಾಡಿ ಸಾಕಾಗಿತ್ತು. ಹಾಕಿದೆ. ‘ನೆಟ್ಟಗೆ ನಿಲ್ಲಿಸಿಯೇ ಸಾಗಿಸಿ’ ಅಂತ ಪಕ್ಕದಲ್ಲಿ ಬರೆದು ನನ್ನ ಕೈ ತೊಳೆದುಕೊಂಡೆ.

ಆಮೇಲೆ ಬಂದು ಇಲ್ಲಿ ಬೇವಿನ ಸೊಪ್ಪಿನ ಬಗ್ಗೆ ಬರೆದೆ. ಯಾರೂ ಓದದ ಪುಸ್ತಕದಲ್ಲೂ ಸುಳ್ಳು!

ಅದೇ ದಿನ, ಸಂಜೆ

ಮಧ್ವೇಶ್ ಕರೆದು ಬಾಗಿಲು ಹಾಕಿದ. ಮುಖದಲ್ಲಿ ನಿದ್ದೆ ಇಲ್ಲ, ಅದು ನಿಜ. ಆದರೆ ಬಾಯಿಂದ ಬಂದದ್ದು ಬೇರೆ.

“ಡ್ರೈವರ್ ಕ್ಯಾನ್ ಮಲಗಿಸಿ ಲೋಡ್ ಮಾಡಿದ್ದ. ಹಂಗೇ ಹೇಳೋಣ. ನೀವು 27ನೇ ತಾರೀಕಿಗೆ ಒಂದು ಟೆಸ್ಟ್ ಶೀಟ್ ಬರೀರಿ, ಪಾಸ್ ಅಂತ. ಹಳೇದು ನಾನು ನೋಡ್ಕೋತೀನಿ.”

“ಮಲಗಿಸಿದ್ದನ್ನ ನೀವು ನೋಡಿದ್ರಾ?”

“ಅಕ್ಕ, ಸ್ಲಿಪ್ ಮೇಲೆ ಸೈನ್ ನಿಮ್ದು. ನಾನು ನಿಮ್ಮನ್ನೂ ಸೇರಿಸೇ ಉಳಿಸ್ತಾ ಇದೀನಿ.”

ಅಕ್ಕ ಅನ್ನಬೇಡಿ ಅಂದೆ. ಅಷ್ಟು ಮಾತ್ರ ಹೊರಟಿತು ಬಾಯಿಂದ. ಬೇರೆ ಏನೇನು ಅನ್ನಬೇಕಿತ್ತು ಅಂತ ಬಸ್ಸಿನುದ್ದಕ್ಕೂ ಹಲ್ಲು ಕಚ್ಚಿಕೊಂಡು ಬಂದೆ.

ಏಪ್ರಿಲ್ 5, ಶನಿವಾರ

ಆಸ್ಪತ್ರೆಗೆ ಹೋದೆ. ವೆಂಕಟೇಶ್ ಅವರ ಎರಡೂ ಕಣ್ಣಿಗೆ ಪಟ್ಟಿ. ಮಲಗಿದ್ದರು. ದಿವ್ಯ ಕಾರಿಡಾರಿನ ಬೆಂಚಿನಲ್ಲಿದ್ದರು. ಸಣ್ಣ ಹುಡುಗಿ, ಇಪ್ಪತ್ತೆಂಟು ಇರಬಹುದು.

“ನಿಮ್ಮ ಓನರ್ ಬಂದಿದ್ರು ಮೇಡಂ. ಮಲಗಿಸಿ ಲೋಡ್ ಮಾಡಿದ್ದಕ್ಕೇ ಹಿಂಗಾಯ್ತು ಅಂದ್ರು. ಇವರು ಹಂಗೆ ಮಾಡೋರಲ್ಲ. ನೋಡಿ.”

ಗಂಡನ ಫೋನು ತೆಗೆದಳು. ಪ್ರತಿ ಸಲ ಲೋಡ್ ಆದ ಮೇಲೆ ಗೇಟಿನಲ್ಲಿ ಒಂದು ಫೋಟೊ ತೆಗೆಯುತ್ತಿದ್ದರಂತೆ. ಮೂರನೇ ತಾರೀಕು, ಮಧ್ಯಾಹ್ನ 1.52. ನಲವತ್ತೂ ನೆಟ್ಟಗೆ ನಿಂತಿವೆ, ಹಗ್ಗ ಬಿಗಿದಿದೆ. ಪ್ರತಿಯೊಂದರ ಕೆಳಗೂ ನಲ್ಲಿ. ಟೇಪೂ ಇಲ್ಲ.

ಸ್ಲಿಪ್ಪಿನಲ್ಲಿ ನಾನು ಬರೆದದ್ದನ್ನು ಆತ ಅಕ್ಷರಕ್ಕೆ ಅಕ್ಷರ ಪಾಲಿಸಿದ್ದಾರೆ.

“ಅವರದು ತಪ್ಪಿಲ್ಲ,” ಅಂದೆ. “ಆ ನಲ್ಲಿ ಹಾಕಿ ಕಳಿಸಲೇಬಾರದಿತ್ತು. ಪರೀಕ್ಷೆಯಲ್ಲಿ ಒಡೆದಿತ್ತು. ಕಳಿಸಬಹುದು ಅಂತ ಸಹಿ ಹಾಕಿದ್ದು ನಾನು.”

ಅವಳು ಫೋನು ಮಡಿಲಿಗೆ ಇಳಿಸಿದಳು.

“ಒಡೆಯುತ್ತೆ ಅಂತ ನಿಮಗೆ ಗೊತ್ತಿತ್ತಾ?”

“ಗೊತ್ತಿತ್ತು.”

“ಎದ್ದು ಹೋಗಿ ಇಲ್ಲಿಂದ.” ಕೂಗಲಿಲ್ಲ. ಒಳಗೆ ಮಲಗಿದ್ದವರಿಗೆ ಕೇಳಿಸಬಾರದು ಅಂತ ಹಲ್ಲಿನ ನಡುವೆಯೇ ಅಂದಳು. “ಮೊದಲು ಎದ್ದು ಹೋಗಿ.”

ಎದ್ದು ಬಂದೆ.

ಏಪ್ರಿಲ್ 7, ಸೋಮವಾರ

ಇವತ್ತು ಬೇರೊಂದು ಗಾಡಿ ಗೇಟಿನಲ್ಲಿ. ಮೂವತ್ತು ಕ್ಯಾನ್ ಆಗಲೇ ಏರಿಸಿಯಾಗಿತ್ತು. ನಲ್ಲಿ ಸಮೇತ! ನಾಲ್ಕು ದಿನ ಆಗಿಲ್ಲ ಇನ್ನೂ!

ಬ್ಯಾಗು ಕೆಳಗಿಟ್ಟು ನೇರ ಡ್ರೈವರ್ ಹತ್ತಿರ ಹೋದೆ. ಮೋಹನ್ ಕುಮಾರ್ ಅಂತ ಹೆಸರು, ಕುರುಬರಹಳ್ಳಿ ಸ್ಟ್ಯಾಂಡಿನವರು.

“ಅಣ್ಣ, ಇದರಲ್ಲಿ ಏನಿದೆ ಗೊತ್ತಾ?”

“ಫಿನಾಯ್ಲು ಅಂದ್ರಲ್ಲ ಮೇಡಂ.”

“ಆಸಿಡ್. ಗುರುವಾರ ಇದೇ ಕ್ಯಾನ್ ತಗೊಂಡು ಹೋದೋರು ಕಣ್ಣಾಸ್ಪತ್ರೆಲಿ ಇದಾರೆ.”

ಆತ ಗಾಡಿಯತ್ತ ನೋಡಿದ. ನನ್ನತ್ತ ನೋಡಿದ. ಹಗ್ಗ ಬಿಚ್ಚತೊಡಗಿದ. ಇಳಿಸುವಾಗ ಒಂದೊಂದು ಕ್ಯಾನನ್ನೂ ಮಗುವನ್ನು ಇಳಿಸಿದ ಹಾಗೆ ಇಳಿಸಿದ.

ಮಧ್ವೇಶ್ ಓಡಿ ಬಂದ. “ಮೇಡಂ! ನಿಮಗೆ ಕೆಲಸ ಬೇಕಾ ಬೇಡ್ವಾ?”

“ಮೊದಲು ಬಿರಡೆ ತರಿಸಿ. ಆಮೇಲೆ ಕೇಳಿ.”

“ತಲೆ ಕೆಟ್ಟಿದೆ ನಿಮಗೆ. ನಿಮ್ಮ ಸೈನ್ ಇರೋ ಸ್ಲಿಪ್ ನನ್ನ ಹತ್ರ ಇದೆ, ನೆನಪಿರಲಿ.”

“ನಿಮ್ಮ ಕೈಗೆ ಕೊಟ್ಟ ಫೇಲ್ ಶೀಟಿನ ಜೆರಾಕ್ಸ್ ನನ್ನ ಹತ್ರ ಇದೆ. ಅದೂ ನೆನಪಿರಲಿ.”

ಹನ್ನೊಂದು ವರ್ಷದಲ್ಲಿ ಮೊದಲ ಸಲ ಫ್ಯಾಕ್ಟರಿಯಲ್ಲಿ ಗಂಟಲೆತ್ತಿದೆ. ತುಂಬುವ ವಿಭಾಗದ ಹೆಂಗಸರೆಲ್ಲ ಹೊರಗೆ ಬಂದು ನಿಂತರು. ನಾಳೆಯಿಂದ ಬರಬೇಡಿ ಅಂದ. ಡಬ್ಬಿ, ಛತ್ರಿ ತೆಗೆದುಕೊಂಡು ಬಂದೆ.

ಇದೇ ಗಂಟಲು 29ನೇ ತಾರೀಕು ಎಲ್ಲಿ ಹೋಗಿತ್ತು?

ಏಪ್ರಿಲ್ 8, ಮಂಗಳವಾರ

ಫ್ಯಾಕ್ಟರಿ ಇನ್‌ಸ್ಪೆಕ್ಟರಿಗೆ ಒಂದು, ಪೊಲೀಸರಿಗೆ ಒಂದು. ಕೈಯಲ್ಲೇ ಬರೆದೆ. ಶೀಟಿನ ಪ್ರತಿ, ಲೇಬಲ್ಲಿನ ಫೋಟೊ ಲಗತ್ತಿಸಿದೆ.

ನಮ್ಮ ಮನೆಯವರು ಬ್ಯಾಂಕಿನಿಂದ ಬಂದು ಓದಿದರು. “ನಿನ್ನ ಸಹಿ ವಿಷಯ ನೀನೇ ಯಾಕೆ ಬರೀಬೇಕು? ಅವರು ಹುಡುಕ್ಕೊಳ್ಳಲಿ.”

“ಹುಡುಕೋದೇನು, ಮಧ್ವೇಶ್ ಹೇಳೇ ಹೇಳ್ತಾನೆ. ಅವನ ಬಾಯಲ್ಲಿ ಬರೋಕಿಂತ ನನ್ನ ಕೈಲಿ ಬರಲಿ.”

“ಸ್ಮೃತಿ ಕಾಲೇಜು ಸೇರೋ ವರ್ಷ ಇದು, ನೋಡು.”

ಕೆಟ್ಟವರಲ್ಲ. ಹೆದರಿದ್ದಾರೆ. ಆದರೂ ಸಿಟ್ಟು ಬಂತು, ತಟ್ಟೆಯನ್ನು ಸಿಂಕಿಗೆ ಎಸೆದೆ. ಸ್ಮೃತಿ ಬಂದು ತೊಳೆದಿಟ್ಟಳು. “ಅಮ್ಮ, ನಾನೂ ಬರ್ತೀನಿ ಸ್ಟೇಷನ್‌ಗೆ” ಅಂದಳು. ಬೇಡ ಅಂದೆ.

ಏಪ್ರಿಲ್ 11, ಶುಕ್ರವಾರ

ಸ್ಟೇಷನ್ನಿನಲ್ಲಿ ಮೂರು ಗಂಟೆ. ಸಬ್ ಇನ್‌ಸ್ಪೆಕ್ಟರ್ ನಿಧಾನಸ್ಥ. ಸ್ಲಿಪ್ ಮುಂದಿಟ್ಟರು. ಮಧ್ವೇಶ್ ನಿನ್ನೆಯೇ ತಂದುಕೊಟ್ಟಿದ್ದಾನೆ.

“ಮೇಡಂ, ಯೋಚನೆ ಮಾಡಿ ಹೇಳಿ. ನಿಮ್ಮ ಸೈನ್ ಅಲ್ಲ ಅಂದ್ರೆ ನೀವು ಬರೀ ಸಾಕ್ಷಿ. ಹೌದು ಅಂದ್ರೆ ನಿಮ್ಮ ಹೆಸರೂ ಕೇಸಲ್ಲಿ ಬರುತ್ತೆ.”

“ನಂದೇ.”

“ಒತ್ತಾಯ ಮಾಡಿ ಹಾಕಿಸಿಕೊಂಡ್ರಾ?”

ಇಲ್ಲಿ ಹೌದು ಅಂದಿದ್ದರೆ ಹಗುರವಾಗುತ್ತಿತ್ತು. “ಕೇಳಿದ್ರು. ನಾನು ಹಾಕಿದೆ.”

ಬರೆದುಕೊಂಡರು. ದಿವ್ಯ ಕೊಟ್ಟ ಫೋಟೊ ಫೈಲಿನಲ್ಲಿ ಆಗಲೇ ಇತ್ತು. ಮಲಗಿಸಿ ಲೋಡ್ ಮಾಡಿದ ಕಥೆ ನಿಲ್ಲುವುದಿಲ್ಲ ಅಂದರು. ಗೋಡೌನಿನ ಕ್ಯಾನುಗಳಿಗೆ ಫ್ಯಾಕ್ಟರಿ ಇನ್‌ಸ್ಪೆಕ್ಟರು ಸೀಲ್ ಹಾಕಿದ್ದಾರೆ. ಒಂದೂ ಹೊರಗೆ ಹೋಗುವ ಹಾಗಿಲ್ಲ.

ಹೊರಗೆ ಬಂದಾಗ ಬಿಸಿಲು. ಸಿಟ್ಟು ಇಳಿಯುತ್ತದೆ ಅಂದುಕೊಂಡಿದ್ದೆ. ಇಳಿದಿಲ್ಲ.

ಏಪ್ರಿಲ್ 19, ಶನಿವಾರ. ಬೆಳಗ್ಗೆ 11

ದಿವ್ಯಳ ಫೋನು ಬಂತು. ತರಕಾರಿ ಹೆಚ್ಚುತ್ತಿದ್ದವಳು ಕೈ ಒರೆಸಿಕೊಳ್ಳದೆ ಎತ್ತಿದೆ.

“ಎಡಗಣ್ಣು ಹೋಯ್ತು ಮೇಡಂ. ಬಲಗಣ್ಣಲ್ಲಿ ಕಾಣುತ್ತೆ. ನಿನ್ನೆ ಪಟ್ಟಿ ಬಿಚ್ಚಿದ್ರು. ನಿಮ್ಮ ಮೇಲಿರೋ ಕೋಪ ಹೋಗಿಲ್ಲ ನಂಗೆ. ಆದ್ರೆ ಇವರು ನಿಮ್ಮ ಹತ್ರ ಮಾತಾಡ್ಬೇಕಂತೆ.”

ವೆಂಕಟೇಶ್ ಅವರ ದನಿ ಬತ್ತಿಹೋಗಿತ್ತು.

“ಮೇಡಂ, ಒಂದು ಹೇಳಿ. ನಾನು ಆ ನಲ್ಲಿ ಮುಟ್ಟಬಾರದಿತ್ತಾ? ತಪ್ಪು ನಂದಾ? ಎಲ್ಲಾರೂ ಅದೇ ಅಂತಾರೆ, ಯಾಕ್ ಮುಟ್ಟಕ್ಕೋದೆ ಅಂತ.”

“ಇಲ್ಲ. ಸೋರೋದು ಕಂಡ್ರೆ ಯಾರಾದ್ರೂ ಮುಚ್ಚೋಕೇ ಹೋಗ್ತಾರೆ. ಒಳಗೆ ಏನಿದೆ ಅಂತ ನಿಮಗೆ ಯಾರೂ ಹೇಳಿರಲಿಲ್ಲ. ನಿಮ್ಮ ತಪ್ಪು ಒಂದು ಕಾಳಷ್ಟೂ ಇಲ್ಲ.”

“ಸ್ಪೀಕರಿಗೆ ಹಾಕ್ತೀನಿ. ಇನ್ನೊಂದ್ಸಲ ಹೇಳಿ. ನಮ್ಮಮ್ಮಂಗೂ ಕೇಳಲಿ.”

ಇನ್ನೊಂದು ಸಲ ಹೇಳಿದೆ. ಗಟ್ಟಿಯಾಗಿ. ಆ ಕಡೆ ಯಾರೋ ವಯಸ್ಸಾದವರು ಅತ್ತದ್ದು ಕೇಳಿಸಿತು.

ಸ್ಪೀಕರ್ ಆರಿಸಿದರು.

“ಎಲ್ಲಾ ಗೊತ್ತಿತ್ತಲ್ಲ ಮೇಡಂ ನಿಮಗೆ. ಮತ್ತೆ ಸೈನ್ ಯಾಕೆ ಹಾಕಿದ್ರಿ?”

ಬೈಗುಳದ ದನಿಯಲ್ಲ. ತಿಳಿದುಕೊಳ್ಳಬೇಕು ಅನ್ನುವ ದನಿ. ಫೋನು ಇಡಲಿಲ್ಲ ಅವರು. ಕಾಯುತ್ತಿದ್ದರು. ಹಬ್ಬ, ಬಸ್ಸು, ಸಾಕಾಗಿತ್ತು... ಇದನ್ನು ಅವರಿಗೆ ಹೇಗೆ... “ಬಸ್ಸು ತಪ್ಪುತ್ತೆ ಅಂತ ಹಾಕಿದೆ” ಅಂತ ಇದ್ದದ್ದನ್ನೇ ಹೇಳಿದೆ.